ಅಕ್ಕಲಕೋಟದ ಒಂದು ಮಣ್ಣು ಪರೀಕ್ಷಾ ಕೇಂದ್ರ: ಮಣ್ಣನ್ನು ನೋಡಿದರು, ಎಲೆಯನ್ನು ನೋಡಲಿಲ್ಲ

ಕಳೆದ ಹಿಂಗಾರಿನಲ್ಲಿ ನಮ್ಮ ಬಾವಿ ನೀರಿನ ಗೋಧಿ ತೆನೆ ತುಂಬುವ ಮೊದಲೇ ಬಣ್ಣಗೆಟ್ಟಾಗ, ಮಹಾರಾಷ್ಟ್ರದ ಅಕ್ಕಲಕೋಟ ಪೇಟೆಯಲ್ಲಿ ಗೊಬ್ಬರದ ಅಂಗಡಿಗೆ ಹೊಂದಿಕೊಂಡಿರುವ ಖಾಸಗಿ ಮಣ್ಣು ಪರೀಕ್ಷಾ ಕೇಂದ್ರವೊಂದಕ್ಕೆ ಹೋಗಿದ್ದೆ. ಪರೀಕ್ಷೆಯ ಕೆಲಸದಲ್ಲಿ ಅವರ ಶಿಸ್ತು ಮೆಚ್ಚುವಂಥದು. ಹೊಲದ ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳಕ್ಕೆ ಅಗೆದು, ನೆರಳಿನಲ್ಲಿ ಒಣಗಿಸಿ, ಬೆರೆಸಿ ತಂದ ಮಣ್ಣೇ ಹೌದೆ ಎಂದು ವಿಚಾರಿಸಿದ ಮೇಲೆಯೇ ಮಾದರಿ ತೆಗೆದುಕೊಂಡರು. ಮಣ್ಣು ಆರೋಗ್ಯ ಕಾರ್ಡಿನಲ್ಲಿರುವ 12 ಅಂಶಗಳೂ ವರದಿಯಲ್ಲಿದ್ದವು. ವರದಿ ಮರಾಠಿಯಲ್ಲಿದ್ದರೂ ಅಲ್ಲಿನ ಹುಡುಗ ಸಾಲು ಸಾಲಾಗಿ ಕನ್ನಡದಲ್ಲಿ ತಿಳಿಸಿದ. ಸತು 0.6 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 0.6 ಪಾಲು) ಕೆಳಗಿದ್ದುದರಿಂದ ಸತುವಿನ ಸಲ್ಫೇಟ್ ಹಾಕಿರೆಂದ ಸಲಹೆಯೂ ಸರಿಯೇ.

ನನ್ನ ತಕರಾರು ವರದಿಯ ಕೊನೆಯ ಸಾಲಿನದು. ಸಾರಜನಕ ಒದಗಿಸುವ ಯೂರಿಯಾವನ್ನು ಶಿಫಾರಸಿನಷ್ಟು ಆಗಲೇ ಕೊಟ್ಟಾಗಿದ್ದರೂ, ಎಲೆ ಹಳದಿಯೆಂಬ ಒಂದೇ ಮಾತಿಗೆ ಇನ್ನಷ್ಟು ಕೊಡಿರೆಂದು ಬರೆದಿದ್ದರು. ನಾನು ಚೀಲದಲ್ಲಿ ಒಯ್ದಿದ್ದ ಎಲೆಗಳನ್ನು ಯಾರೂ ಬಿಚ್ಚಿ ನೋಡಲಿಲ್ಲ. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆ ತುದಿಯಿಂದ ಹಿಡಿದು ಇಡಿಯಾಗಿ ಹಳದಿಯಾಗುತ್ತದೆ. ನನ್ನ ಎಲೆಗಳಲ್ಲಾದರೋ ಬಿಸಿಲು ಬೀಳುವ ಮೇಲ್ಮೈಯಲ್ಲಿ ಮಾತ್ರ, ನರಗಳ ನಡುವೆ, ಸಣ್ಣ ಕಂದು ಚುಕ್ಕೆಗಳಿದ್ದವು. ಅದೇ ಎರೆಮಣ್ಣಿನ ಪಕ್ಕದ ಬಿಳಿಜೋಳಕ್ಕೆ ಏನೂ ಆಗಿರಲಿಲ್ಲ. ನೆಲಮಟ್ಟದ ಗಾಳಿಯನ್ನು ಕೆಡಿಸುವ ಓಝೋನ್ ಅನಿಲ ಎಲೆಯ ಮೇಲೆ ಸಾಮಾನ್ಯವಾಗಿ ಬಿಡುವ ಗುರುತು ಇಂಥದೇ. ಜೋಳ ಅದನ್ನು ತಾಳಿಕೊಳ್ಳುತ್ತದೆ, ಗೋಧಿ ಮತ್ತು ಸೋಯಾ ಬೇಗ ಸೋಲುತ್ತವೆ.

ನೆಲಮಟ್ಟದ ಓಝೋನನ್ನು ಯಾವ ಹೊಗೆಕೊಳವೆಯೂ ನೇರವಾಗಿ ಉಗುಳುವುದಿಲ್ಲ. ವಾಹನ, ಕಾರ್ಖಾನೆಗಳ ನೈಟ್ರೋಜನ್ ಆಕ್ಸೈಡುಗಳೂ ಸಾವಯವ ಆವಿಗಳೂ ಬಿಸಿಲಿನಲ್ಲಿ ಸೇರಿ ಅದು ಹುಟ್ಟುತ್ತದೆ. ಪೇಟೆಯ ರಸ್ತೆಯಲ್ಲಿ ವಾಹನಗಳ ತಾಜಾ ಹೊಗೆಯೇ ಅದನ್ನು ಕರಗಿಸುವುದರಿಂದ, ಗಾಳಿಯೊಡನೆ ಸಾಗಿದ ಪಾಲು ಹಳ್ಳಿಯ ಹೊಲಗಳಲ್ಲಿಯೇ ಹೆಚ್ಚಾಗಿ ಉಳಿಯುತ್ತದೆ. ಅದು ಎಲೆಯೊಳಗೆ ಇಳಿಯುವುದು ಪತ್ರರಂಧ್ರಗಳ ಮೂಲಕ. ನೀರುಂಡ ಬೆಳೆಯ ರಂಧ್ರಗಳು ಹೆಚ್ಚು ಹೊತ್ತು ತೆರೆದಿರುವುದರಿಂದ ಬಾವಿ ನೀರಿನ ಗೋಧಿಗೇ ಪೆಟ್ಟು ಜೋರು. (ನೀರು ಹಾಯಿಸಿದ್ದೇ ತಪ್ಪಾಯಿತೆ ಎಂದು ಅಣ್ಣ ನಕ್ಕ.) ಎಲೆ ಬೇಗ ಮುಪ್ಪಾದರೆ ಹಾಕಿದ ಸಾರಜನಕದಲ್ಲಿ ಕಾಳಿಗೆ ತಲುಪುವ ಪಾಲೂ ಕುಗ್ಗುತ್ತದೆ, ಮಿಕ್ಕಿದ್ದು ನೈಟ್ರೇಟಾಗಿ ನೀರಿನೊಡನೆ ಕೆಳಗಿಳಿಯಬಹುದು. ಕಾಳು ಸಣ್ಣಗಾಗಿ ಪಿಷ್ಟ ಇಳಿಯುವುದರಿಂದ ಪ್ರೋಟೀನಿನ ಶೇಕಡಾ ಪ್ರಮಾಣ ಏರಿದಂತೆ ಕಂಡರೂ ಎಕರೆಯ ಲೆಕ್ಕದಲ್ಲಿ ಪ್ರೋಟೀನ್ ಕಡಿಮೆಯೇ. ಬೇರಿಗೆ ಹೋಗುವ ಸಕ್ಕರೆಯೂ ತಗ್ಗುವುದರಿಂದ ಅದನ್ನೇ ನಂಬಿದ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರ ಸಾಲದು. ಸೋಯಾದಂಥ ದ್ವಿದಳ ಬೆಳೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬೇರಿನ ಗಂಟುಗಳು ವಿರಳವಾಗುತ್ತವೆ. ಮಣ್ಣಿನ ವರದಿಯಲ್ಲಿ ಇಷ್ಟೆಲ್ಲ ಕಾಣದು, ಅದು ಆ ಪರೀಕ್ಷೆಯ ದೋಷವೂ ಅಲ್ಲ. ಕಾಣದ್ದಕ್ಕೆ ಯೂರಿಯಾ ಬರೆದುಕೊಟ್ಟದ್ದು ದೋಷ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮಣ್ಣಿಗಾಗಿ ಮತ್ತೆ ಅಲ್ಲಿಗೇ ಹೋಗುವೆ. ಸರ್ವೆ ನಂಬರು, ಬೆಳೆ, ನೀರಾವರಿ ಎಂದೆಲ್ಲ ಕೇಳುವ ಅವರ ಅರ್ಜಿಯಲ್ಲಿ ಎಲೆಯ ಚುಕ್ಕೆ ಮೇಲೋ ಕೆಳಗೋ ಎಂಬ ಒಂದು ಪ್ರಶ್ನೆಗೂ ಜಾಗವಿದೆ. ಆ ದಿನ ಪಕ್ಕದ ಅಂಗಡಿಯಿಂದ ನಾನು ಒಯ್ದದ್ದು ಸತುವಿನ ಸಲ್ಫೇಟಿನ ಚೀಲವನ್ನು ಮಾತ್ರ.