‘ಬಿನ್ ಬಿಟ್ಟೋಗೇತಿ ಅಕ್ಕಾರೆ’: ಕೋರ್ಟು ಕಡೆಯ ಒಂದು ಟೈಪಿಂಗ್, ಬೈಂಡಿಂಗ್ ಅಂಗಡಿ

ಅಂಗಡಿಗೆ ಹೆಸರಿಲ್ಲ. ಬೋರ್ಡಿನಲ್ಲಿ ‘ಟೈಪಿಂಗ್, ಜೆರಾಕ್ಸ್, ಬೈಂಡಿಂಗ್’ ಅಂತ ಮೂರು ಪದ, ಅದರ ಕೆಳಗೆ ಬಿಸಿಲಿಗೆ ಅರ್ಧ ಅಳಿಸಿಹೋದ ಫೋನ್ ನಂಬರು. ದಾವಣಗೆರೆ ಪಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ, ವಕೀಲರ ಸ್ಕೂಟರುಗಳೇ ತುಂಬಿರುವ ಅಡ್ಡರಸ್ತೆಯೊಂದರಲ್ಲಿದೆ. ಮುಂದೆ ಜೆರಾಕ್ಸ್ ಮೆಷಿನ್ನು, ನಡುವೆ ಕಂಪ್ಯೂಟರು, ಹಿಂದೆ ಕತ್ತಲಲ್ಲಿ ಬೈಂಡಿಂಗ್ ಮಾಡುವ ಯಜಮಾನರು. ಮೂರು ಜನ ಒಳಗೆ ಬಂದರೆ ನಾಲ್ಕನೆಯವರು ಚರಂಡಿ ಕಲ್ಲಿನ ಮೇಲೆ ನಿಲ್ಲಬೇಕು. ಹೊರಗಿನಿಂದ ನೋಡಿದರೆ ಅಂಥ ನೂರು ಅಂಗಡಿಗಳಲ್ಲಿ ಇದೂ ಒಂದು. ಆದರೂ ನಾಲ್ಕೂವರೆ ನಕ್ಷತ್ರ ಕೊಡುತ್ತಿದ್ದೇನೆ.

ಯಾಕೆ ಅಂತ ಹೇಳಬೇಕಾದರೆ ನನ್ನ ಕೆಲಸ ಹೇಳಬೇಕು. ಕಂದಾಯ ಇಲಾಖೆಯಲ್ಲಿ 33 ವರ್ಷ ಇದ್ದು ನಿವೃತ್ತಳಾದವಳು ನಾನು. ಕೊನೆಯ 16 ವರ್ಷ ದಂಡಾಧಿಕಾರಿ ಶಾಖೆಯಲ್ಲಿ ಕೇಸ್ ವರ್ಕರ್. ಕಚೇರಿ ಭಾಷೆಯಲ್ಲಿ ಎಂಎಜಿ. ‘ಇಂಥವನಿಂದ ಸಾರ್ವಜನಿಕ ಶಾಂತಿಗೆ ಭಂಗ ಬರಬಹುದು’ ಅಂತ ಠಾಣೆಯಿಂದ ವರದಿ ಬರುತ್ತೆ. ಸಾಹೇಬರು ಕಾರ್ಯನಿರ್ವಾಹಕ ದಂಡಾಧಿಕಾರಿಯಾಗಿ ಆ ಮನುಷ್ಯನನ್ನು ಕರೆಸಿ, ವಿಚಾರಣೆ ಮಾಡಿ, ಬೇಕೆನಿಸಿದರೆ ‘ಶಾಂತಿಯಿಂದ ಇರುತ್ತೇನೆ’ ಅಂತ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಜನ ‘107 ಕೇಸು’ ಅನ್ನುವುದು ಇದನ್ನೇ, ಹಳೇ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಿನಿಂದ ಬಂದ ಹೆಸರು. ಅದರಲ್ಲಿ ಮುಚ್ಚಳಿಕೆ ಒಂದು ವರ್ಷದವರೆಗೆ. ರೂಢಿಗತ ಅಪರಾಧಿ ಅಂತ 110ರಲ್ಲಿ ಬಂದರೆ ಮೂರು ವರ್ಷದವರೆಗೆ. ಇನ್ನೂ ಜೋರಾದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನ ಗಡಿಪಾರು. ತೀರ್ಮಾನ ಸಾಹೇಬರದ್ದು, ನಿಜ. ಆದರೆ ಯಾವ ಕಾಗದ ಮೇಲೆ, ಯಾವುದು ಕೆಳಗೆ, ಟಿಪ್ಪಣಿ ಹಾಳೆಯಲ್ಲಿ ಯಾವ ಸಾಲು ಮೊದಲು ಅನ್ನುವುದು ನನ್ನ ಕೈಯಲ್ಲಿತ್ತು. ದಿನಕ್ಕೆ ಇಪ್ಪತ್ತು ಕಡತ ನೋಡುವ ಸಾಹೇಬರಿಗೆ ಮೇಲಿನ ಕಾಗದವೇ ಮನುಷ್ಯ.

ಚುನಾವಣೆ ಬಂದರೆ, ದುಗ್ಗಮ್ಮನ ಜಾತ್ರೆ ಬಂದರೆ, ಗಣಪತಿ ಕೂರಿಸುವ ದಿನ ಬಂದರೆ ಈ ವರದಿಗಳು ಗೋಣಿಚೀಲದಲ್ಲಿ ಬರುತ್ತಿದ್ದವು ಅಂದರೂ ತಪ್ಪಿಲ್ಲ. ಶಾಖೆಗೆಲ್ಲ ಒಂದೇ ಕಂಪ್ಯೂಟರು, ಅದರ ಪ್ರಿಂಟರಿಗೆ ಟೋನರ್ ಇಲ್ಲ. ಗೋಪ್ಯ ಲಕೋಟೆ ಯಾವತ್ತೂ ಹೊರಗೆ ಹೋಗಿಲ್ಲ. ನೋಟಿಸು, ಮುಚ್ಚಳಿಕೆ ನಮೂನೆ, ಆದೇಶದ ಕರಡು ಮಾತ್ರ ಈ ಅಂಗಡಿಗೆ, ಅದೂ ನಾನು ಪಕ್ಕದಲ್ಲೇ ಕೂತು.

ಮೊದಲ ಸಲ ಹೋದಾಗ ಟೈಪಿಂಗಿನ ಹುಡುಗ (ಈಗ ಹುಡುಗನಲ್ಲ, ನೆತ್ತಿ ಬೋಳಾಗಿದೆ) ಎರಡನೇ ನೋಟಿಸಿಗೇ ಕೈ ನಿಲ್ಲಿಸಿ ಹೇಳಿದ್ದು: ‘ಬಿನ್ ಬಿಟ್ಟೋಗೇತಿ ಅಕ್ಕಾರೆ. ಬರೇ ಮಂಜುನಾಥ ಅಂದ್ರೆ ಯಾವ ಮಂಜುನಾಥ? ಈ ಓಣ್ಯಾಗೇ ಆರು ಮಂದಿ ಅದಾರ.’ ನನಗೆ ಸಿಟ್ಟೇ ಬಂದಿತ್ತು. ಆಮೇಲೆ ವರದಿ ತಿರುಗಿಸಿ ನೋಡಿದರೆ ಠಾಣೆಯವರೂ ತಂದೆ ಹೆಸರು ಬರೆದಿರಲಿಲ್ಲ, ನಾನೂ ನೋಡಿರಲಿಲ್ಲ. ಬಿನ್, ವಯಸ್ಸು, ಕಸುಬು, ಓಣಿ, ಉರುಫ್ ಇದ್ದರೆ ಉರುಫ್, ಇವು ಐದೂ ಇಲ್ಲದ ನೋಟಿಸು ತಪ್ಪು ಮನೆಯ ಬಾಗಿಲು ತಟ್ಟುತ್ತೆ. ಒಂದು ಸಲ ಪೊಲೀಸರು ನೋಟಿಸು ಹಿಡಿದು ಬಂದ ಮನೆಗೆ ಓಣಿಯವರು ಹೆಣ್ಣು ಕೊಡಲು ಎರಡು ವರ್ಷ ಯೋಚನೆ ಮಾಡುತ್ತಾರೆ. ಅವತ್ತಿಂದ ಆ ಹುಡುಗ ಬಿನ್ ಇಲ್ಲದ ಹೆಸರು ಟೈಪ್ ಮಾಡಿದ್ದೇ ಇಲ್ಲ. ಜಾಗ ಬಿಟ್ಟು, ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೊಡುತ್ತಾನೆ.

ಇನ್ನೊಂದು ಪ್ರಸಂಗ. ಈ ನಮೂನೆಗಳಲ್ಲಿ ಒಂದು ಸಾಲು ಇರುತ್ತೆ: ‘ಸದರಿಯವರು ಜಗಳಗಂಟ ಸ್ವಭಾವದವರಾಗಿದ್ದು, ಶಾಂತಿಗೆ ಭಂಗ ತರುವ ಸಂಭವ ಇರುತ್ತದೆ.’ ನಲವತ್ತು ಜನಕ್ಕೂ ಅದೇ ಸಾಲು. ಕಾನೂನು ಹಾಗೆ ಹೇಳಿಲ್ಲ. ಬಂದ ಮಾಹಿತಿಯ ಸಾರಾಂಶ, ಮುಚ್ಚಳಿಕೆ ಎಷ್ಟು ಹಣದ್ದು, ಎಷ್ಟು ಅವಧಿ, ಜಾಮೀನುದಾರರು ಎಷ್ಟು, ಎಲ್ಲವನ್ನೂ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಬೇಕು. ಆದರೆ ಚುನಾವಣೆಗೆ ಹದಿನೈದು ದಿನ ಇದ್ದಾಗ ಯಾರಿಗೆ ಪುರುಸೊತ್ತು? ಅಂಥ ಒಂದು ಸಂಜೆ ಮೂವತ್ತೆಂಟನೆಯ ಹೆಸರಿಗೆ ಹುಡುಗ ನಿಂತ. ‘ಅಕ್ಕಾರೆ, ಈ ಅಜ್ಜಾರು ನಮ್ಮ ಸೋದರಮಾವನ ಮನಿ ಹಿಂದಿನೋರು. ಹೋದ ದಸರಾಕ್ಕೇ ತೀರ್ಕಂಡ್ರಲ್ಲ.’ ಐದು ವರ್ಷದ ಹಿಂದಿನ ಪಟ್ಟಿಯನ್ನೇ ದಿನಾಂಕ ತಿದ್ದಿ ಕಳಿಸಿದ್ದರು ಅಂತ ಕಾಣುತ್ತೆ. ಸತ್ತವರಿಂದ ಶಾಂತಿಭಂಗದ ಸಂಭವ ಇದೆ ಅಂತ ನಾನೇ ರುಜು ಹಾಕಿ ಮಂಡಿಸುವವಳಿದ್ದೆ. ಅವತ್ತು ಉಳಿದ ಮೂವತ್ತೊಂಬತ್ತನ್ನೂ ವಾಪಸ್ ತಂದು, ರಾತ್ರಿ ಒಂಬತ್ತರ ತನಕ ಕೂತು ಒಂದೊಂದಾಗಿ ನೋಡಿದೆ. ಅದಕ್ಕೆ ಓವರ್‌ಟೈಮ್ ಭತ್ಯೆ ಏನೂ ಇಲ್ಲ, ಇರಲಿ.

ನಿಜವಾದ ಕೆಲಸ ಇರುವುದು ಪ್ರಕರಣಗಳ ಪಟ್ಟಿಯಲ್ಲಿ. ಗಡಿಪಾರು ಪ್ರಸ್ತಾವನೆ ಬಂದಾಗ ಜೊತೆಗೆ ಒಂದು ಕೋಷ್ಟಕ ಇರುತ್ತೆ: ಕ್ರಮ ಸಂಖ್ಯೆ, ಅಪರಾಧ ಸಂಖ್ಯೆ, ಕಲಮು, ಹಂತ, ಷರಾ. ಹದಿನೈದು ಪ್ರಕರಣ ಅಂದ ಕೂಡಲೇ ಓದುವವರ ಎದೆ ಝಲ್ಲೆನ್ನುತ್ತೆ. ಷರಾ ಕಾಲಂ ಓದಿದರೆ ಕಥೆ ಬೇರೆ. ಐದು ಖುಲಾಸೆ, ನಾಲ್ಕು ರಾಜಿ. ಉಳಿದ ಆರರಲ್ಲಿ ನಾಲ್ಕು ಪೊಲೀಸ್ ಕಾಯ್ದೆಯ 87, ಅಂದರೆ ಬಯಲಲ್ಲಿ ಇಸ್ಪೀಟು ಆಡಿದ್ದು. ಆಮೇಲೆ ಉಳಿಯುವ ಎರಡೇ ನಿಜವಾಗಿ ನೋಡಬೇಕಾದದ್ದು. ಕೆಲವು ಸಲ ಆ ಎರಡೇ ಸಾಕು, ಮಚ್ಚಿನ ಕೇಸು ಇರುತ್ತೆ, ಸಾಕ್ಷಿಯನ್ನು ಹೆದರಿಸಿದ್ದು ಇರುತ್ತೆ. ಅಂಥವನ ಬಗ್ಗೆ ನನಗೆ ಕನಿಕರ ಇಲ್ಲ. ಆದರೆ ಮೆಷಿನ್ನಿನಲ್ಲಿ ಈ ಕೋಷ್ಟಕ ಬಲಕ್ಕೆ ಸರಿದು ಷರಾ ಕಾಲಂ ಕತ್ತರಿಸಿಹೋದರೆ? ಹೋಗಿದೆ, ಬೇರೆ ಅಂಗಡಿಯಲ್ಲಿ, ನನ್ನ ಕಣ್ಣೆದುರೇ. ಸಾಹೇಬರ ಮೇಜಿಗೆ ಹದಿನೈದು ಕಲಮು ಹೋಯಿತು, ಒಂಬತ್ತು ‘ಖುಲಾಸೆ’, ‘ರಾಜಿ’ಗಳು ಗಾಜಿನ ಅಂಚಿನಲ್ಲೇ ಉಳಿದವು. ಸದ್ಯ ನಾನು ಹಿಂದಿರುಗಿಸಿ ತಂದೆ. ಅಮೆರಿಕದಲ್ಲಿ ಕಾಂಪಾಸ್ ಅನ್ನೋ ತಂತ್ರಾಂಶ, ಮತ್ತೆ ಅಪರಾಧ ಮಾಡುವ ಸಂಭವ ಎಷ್ಟು ಅಂತ ಆರೋಪಿಗೆ ಅಂಕ ಹಾಕುತ್ತಂತೆ. ಆ ಅಂಕವೊಂದನ್ನೇ ನೆಚ್ಚಿ ಶಿಕ್ಷೆ ಕೊಡಬಾರದು ಅಂತ 2016ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ವಕೀಲಿಕೆ ಓದುವ ನಮ್ಮ ಅಕ್ಕನ ಮಗ ಇದನ್ನು ಹೇಳಿದಾಗ ನನಗೆ ನೆನಪಾದದ್ದು ಆ ಕತ್ತರಿಸಿದ ಕಾಲಂ. ನಮ್ಮ ಅಂಗಡಿಯವನು ಉದ್ದ ಕೋಷ್ಟಕವನ್ನು ಅಡ್ಡ ಮಲಗಿಸಿ ತೆಗೆಯುತ್ತಾನೆ, ತೆಗೆದ ಮೇಲೆ ಬಲ ಅಂಚನ್ನು ಮೂಲದ ಜೊತೆ ಹಿಡಿದು ತೋರಿಸುತ್ತಾನೆ. ಅದಕ್ಕೆ ಒಂದು ರೂಪಾಯಿ ಹೆಚ್ಚು ತಗೊಂಡರೂ ಕೊಡಿ.

ಕೆಟ್ಟ ಪ್ರತಿಗಳ ವಿಷಯಕ್ಕೆ ಬರುತ್ತೇನೆ. ಮಸಿ ಹತ್ತಿದ, ಓರೆಯಾದ ಹಾಳೆಗಳನ್ನು ಹೆಚ್ಚಿನ ಅಂಗಡಿಗಳು ರದ್ದಿಗೆ ಹಾಕುತ್ತವೆ. ರದ್ದಿ ಎಲ್ಲಿಗೆ ಹೋಗುತ್ತೆ? ದಾವಣಗೆರೆಯಲ್ಲಿ ಅದು ಕೇಳುವ ಪ್ರಶ್ನೆಯೇ ಅಲ್ಲ. ಒಂದು ಸಂಜೆ ಗಾಡಿಯಲ್ಲಿ ಕಟ್ಟಿಸಿಕೊಂಡ ನರ್ಗೀಸ್ ಮಂಡಕ್ಕಿ ಪೊಟ್ಟಣ ಮನೆಯಲ್ಲಿ ಬಿಚ್ಚಿದೆ. ಮಿರ್ಚಿ ಎಣ್ಣೆ ಕುಡಿದ ಹಾಳೆಯಲ್ಲಿ ಒಬ್ಬ ಹುಡುಗನ ಫೋಟೋ, ವಿಳಾಸ, ಮೇಲೆ ‘ರೌಡಿ ಹಾಳೆ’ ಅನ್ನೋ ತಲೆಬರಹ. ನಮ್ಮ ಕಚೇರಿಯದಲ್ಲ, ಎಲ್ಲಿಯದೋ. ಆದರೂ ಮಂಡಕ್ಕಿ ಗಂಟಲಲ್ಲಿ ಇಳಿಯಲಿಲ್ಲ. ಮುಂಚಿತವಾಗಿ ತಿಳಿಸದೆ, ಅವನ ಮಾತು ಕೇಳದೆ ಯಾರ ಮೇಲೂ ರೌಡಿ ಹಾಳೆ ತೆರೆಯಬಾರದು ಅಂತ 2022ರಲ್ಲಿ ನಮ್ಮ ಹೈಕೋರ್ಟು ಹೇಳಿದೆ. ಮಿರ್ಚಿಯವನಿಗೆ ಆ ನಿಯಮ ಗೊತ್ತಿಲ್ಲ. ಈ ಅಂಗಡಿಯಲ್ಲಿ ಕೆಟ್ಟ ಪ್ರತಿಯನ್ನು ನಾಲ್ಕಾಗಿ ಹರಿದು ನಮ್ಮ ಕೈಗೇ ಕೊಡುತ್ತಾರೆ. ‘ನಿಮ್ಮ ಕಸ ನೀವು ಒಯ್ರಿ’ ಅಂತಾರೆ ಯಜಮಾನರು. ಮೊದಲು ಉದ್ಧಟತನ ಅನ್ನಿಸಿತ್ತು, ಈಗ ಅಲ್ಲ. ಟೈಪ್ ಮಾಡಿದ ಫೈಲನ್ನೂ ನಮ್ಮೆದುರೇ ಅಳಿಸುತ್ತಾನೆ.

2024ರ ಜುಲೈ 1ಕ್ಕೆ ಕಾನೂನಿನ ಹೆಸರು, ನಂಬರು ಎಲ್ಲ ಬದಲಾದಾಗ ಕಚೇರಿಯಲ್ಲಿ ಗೊಂದಲವೋ ಗೊಂದಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂತ ಪೂರ್ತಿ ಬರೆಯುವುದಕ್ಕೇ ಒಂದು ಸಾಲು ಬೇಕು. ಆ ವಾರ ಅಂಗಡಿಗೆ ಹೋದರೆ ಗೋಡೆಯ ಮೇಲೆ ಸೀರೆ ಡಬ್ಬಿಯ ರಟ್ಟು ನೇತಾಡುತ್ತಿತ್ತು. ಅದರಲ್ಲಿ ಮಾರ್ಕರ್ ಪೆನ್ನಿನಲ್ಲಿ: 107ಕ್ಕೆ 126, 109ಕ್ಕೆ 128, 110ಕ್ಕೆ 129, 111ಕ್ಕೆ 130, 116ಕ್ಕೆ 135. ಕೊನೆಯದರ ಪಕ್ಕ ‘6 ತಿಂಗಳು!’ ಅಂತ ಕೆಂಪಲ್ಲಿ. ವಿಚಾರಣೆ ಶುರುವಾದ ಆರು ತಿಂಗಳಲ್ಲಿ ಮುಗಿಯದಿದ್ದರೆ, ಸಾಹೇಬರು ವಿಶೇಷ ಕಾರಣ ಬರೆಯದಿದ್ದರೆ, ಕಡತ ತಾನಾಗಿಯೇ ಬಿದ್ದುಹೋಗುತ್ತೆ. ಆ ರಟ್ಟಿನ ಫೋಟೋ ತೆಗೆದುಕೊಂಡು ಹೋಗಿ ಶಾಖೆಯಲ್ಲಿ ಅಂಟಿಸಿದ್ದೆ. ಜನರ ಬಾಯಲ್ಲಿ ಮಾತ್ರ ಅದು ಇವತ್ತಿಗೂ 107 ಕೇಸೇ.

ಬೈಂಡಿಂಗು ಯಜಮಾನರದ್ದು. ಸ್ಪೈರಲ್ ಕೇಳಿದರೆ ಮಾಡಿಕೊಡುತ್ತಾರೆ, ಮುಖ ಗಂಟು ಹಾಕಿಕೊಂಡು. ಸ್ಪೈರಲ್ಲಿನಿಂದ ಹಾಳೆ ಕಿತ್ತರೆ ಗೊತ್ತಾಗಲ್ಲ. ದಬ್ಬಳದಲ್ಲಿ ದಾರ ಹಾಯಿಸಿ ಹೊಲಿದದ್ದರಿಂದ ಕಿತ್ತರೆ ಗಾಯ ಉಳಿಯುತ್ತೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ, ಹುಳ ಹತ್ತದಿರಲಿ ಅಂತ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದಿಂದ ಬಂದ ಹಳೇ ಕಡತಗಳನ್ನು ಬಿಚ್ಚಿದವರಲ್ಲಿ ನಾನೂ ಒಬ್ಬಳು. ಕೆಲವು ಕಟ್ಟುಗಳಲ್ಲಿ ರಟ್ಟು ಮಾತ್ರ ಇತ್ತು, ಒಳಗೆ ಗೆದ್ದಲ ಮಣ್ಣು. ಅದನ್ನು ನೋಡಿದವರಿಗೆ ಮೈಲುತುತ್ತದ ಬೆಲೆ ಗೊತ್ತು.

ಅರ್ಧ ನಕ್ಷತ್ರ ಯಾಕೆ ಕಡಿಮೆ? ಬಿಲ್ಲು ಕೊಡಲ್ಲ. ಕೇಳಿದರೆ ಚೀಟಿಯ ಮೇಲೆ ಮೊತ್ತ ಬರೆದು ಕೊಡುತ್ತಾರೆ, ಅದನ್ನು ಕಚೇರಿಯಲ್ಲಿ ಯಾರೂ ಮುಟ್ಟಲ್ಲ. ಎಷ್ಟೋ ಸಲ ಕೈಯಿಂದಲೇ ಹೋಗಿದೆ. ಕೂರಲು ಇರುವುದು ಒಂದು ಸ್ಟೂಲು, ಅದರ ಒಂದು ಕಾಲು ಗಿಡ್ಡ. ಮಧ್ಯಾಹ್ನ ಎರಡರಿಂದ ಮೂರೂವರೆ ಬಾಗಿಲು ಹಾಕುತ್ತಾರೆ, ಕೋರ್ಟಿನಲ್ಲಿ ಸಾಹೇಬರು ಕಾಯುತ್ತಿದ್ದರೂ ಸರಿ. ಕರೆಂಟು ಹೋದರೆ ಯುಪಿಎಸ್ ಐದು ನಿಮಿಷ. ಹಳೇ ಫೈಲುಗಳು ಇನ್ನೂ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದ ಹಳೇ ಅಕ್ಷರದಲ್ಲೇ ಇವೆ, ಬೇರೆ ಕಂಪ್ಯೂಟರಿನಲ್ಲಿ ತೆಗೆದರೆ ಕಾಗೆ ಕಾಲು ಗುಬ್ಬಿ ಕಾಲು. ಸೋಮವಾರ ಹೋಗಲೇಬೇಡಿ. ಜೆರಾಕ್ಸ್ ಒಂದು ಮಗ್ಗುಲಿಗೆ ಎರಡು ರೂಪಾಯಿ, ಟೈಪಿಂಗ್ ಪುಟಕ್ಕೆ ಮೂವತ್ತು, ಹೊಲಿಗೆ ಬೈಂಡಿಂಗ್ ದಪ್ಪ ನೋಡಿ ಎಂಬತ್ತರಿಂದ ಮೇಲೆ.

ಹೋದ ವಾರ ಕಚೇರಿ ಕೆಲಸಕ್ಕಲ್ಲ, ನನ್ನದೇ ಕೆಲಸಕ್ಕೆ ಹೋಗಿದ್ದೆ. ನಮ್ಮವ್ವ ಕೈಯಲ್ಲಿ ಬರೆದಿಟ್ಟ ವಚನಗಳ ಪುಸ್ತಕ, ಹೊಲಿಗೆ ಬಿಟ್ಟಿತ್ತು. ಮರುದಿನ ಫೋನು ಬಂತು, ಯಜಮಾನರೇ. ‘ಅಕ್ಕಾರೆ, 43 ಆದಮ್ಯಾಲೆ 45 ಐತಿ. 44 ಎಲ್ಲೈತಿ?’ ಅವ್ವ ಪುಟದ ಮೂಲೆಯಲ್ಲಿ ನಂಬರು ಹಾಕಿದ್ದಳು ಅನ್ನೋದೇ ನನಗೆ ಗೊತ್ತಿರಲಿಲ್ಲ. ‘ಇರೋದನ್ನೇ ಹೊಲೀರಿ’ ಅಂದೆ. ‘ಒಂದು ಸಲ ಹೊಲಿದ್ರೆ ಆಮ್ಯಾಲೆ ಸೇರ್ಸಾಕ ಬರಲ್ಲ, ನೋಡ್ರಿ ಒಂದೆರಡು ದಿನ’ ಅಂದರು. ಟ್ರಂಕು ಬಿಚ್ಚಿದ್ದೇನೆ, ದೇವರ ಗೂಡು ನೋಡಿದ್ದೇನೆ, ಪಂಚಾಂಗಗಳ ಕಟ್ಟು ಇನ್ನೂ ಬಾಕಿ.