‘ಶುಗರ್ ಇರುವವರಿಗೆ ಒಳ್ಳೇದು’ ಎಂಬ ಓಟ್ಸ್: ನನ್ನ ಮೀಟರ್ ಒಪ್ಪಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಈ ಇನ್‌ಸ್ಟಂಟ್ ಓಟ್ಸಿನ ರುಚಿ ಚೆನ್ನಾಗಿದೆ. ಸೇಬು, ದಾಲ್ಚಿನ್ನಿ ಘಮ. ಬಿಸಿನೀರು ಹಾಕಿ ಕಲಸಿದರೆ ಮೂರು ನಿಮಿಷಕ್ಕೆ ತಿಂಡಿ ರೆಡಿ, ಗಂಟೂ ಕಟ್ಟಲ್ಲ. ಬೆಳಗ್ಗೆ ಒಲೆ ಮುಂದೆ ನಿಲ್ಲಲು ಬೇಜಾರು ಪಡುವ ನನ್ನಂಥವರಿಗೆ ಇನ್ನೇನು ಬೇಕು?

ತಕರಾರು ಇರುವುದು ತಿಂದ ಮೇಲೆ. ನನಗೆ ಟೈಪ್ 2 ಡಯಾಬಿಟಿಸ್, ಸದ್ಯಕ್ಕೆ ಮೆಟ್‌ಫಾರ್ಮಿನ್ ಒಂದೇ ಮಾತ್ರೆ. ಖಾಲಿ ಹೊಟ್ಟೆಯಲ್ಲಿ 122 ಇದ್ದ ಶುಗರ್, ಈ ಓಟ್ಸ್ ತಿನ್ನಲು ಶುರು ಮಾಡಿ ಎರಡು ಗಂಟೆ ಆಗುವಷ್ಟರಲ್ಲಿ 214. ಈ ಹೊತ್ತಿಗೆ 180ರ ಒಳಗಿರಲಿ ಎಂದು ಸಾಮಾನ್ಯವಾಗಿ ಡಾಕ್ಟರು ಹೇಳುತ್ತಾರೆ. ಕೈ ತೊಳೆದು, ಒರೆಸಿಕೊಂಡು, ಇನ್ನೊಂದು ಬೆರಳಿಗೆ ಚುಚ್ಚಿದೆ. 209. ಮೀಟರಿನಲ್ಲಿ ಅಷ್ಟಿಷ್ಟು ಏರುಪೇರು ಇದ್ದದ್ದೇ, ಆದರೆ ಎರಡೂ ಸಲ ಹೇಳಿದ್ದು ಒಂದೇ ಕಥೆ.

ಕಾರಣ ಡಬ್ಬದ ಹಿಂದೆ, ಸಣ್ಣ ಅಕ್ಷರದಲ್ಲಿದೆ. ಮುಂದೆ ‘ಸಕ್ಕರೆ ಸೇರಿಸಿಲ್ಲ’ ಎಂದು ಇಷ್ಟು ದಪ್ಪಗೆ. ಹಿಂದೆ ಓಟ್ಸ್ ಆದ ಮೇಲೆ ಎರಡನೇ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಇದು ಪಿಷ್ಟ ಒಡೆದು ಮಾಡುವ ಪುಡಿ. ಬಾಯಿಗೆ ಅಷ್ಟೇನೂ ಸಿಹಿ ಇಲ್ಲ, ಆದರೆ ರಕ್ತದಲ್ಲಿ ಶುಗರ್ ಏರಿಸುವುದರಲ್ಲಿ ಗ್ಲುಕೋಸ್‌ಗೆ ಸಮ ಸಮ. ಸಾಲದ್ದಕ್ಕೆ ಓಟ್ಸನ್ನೂ ಮೊದಲೇ ಬೇಯಿಸಿ, ತೆಳ್ಳಗೆ ಒತ್ತಿ, ಚೂರು ಮಾಡಿರುತ್ತಾರೆ. ಹೊಟ್ಟೆ ಮಾಡಬೇಕಾದ ಅರ್ಧ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ದಪ್ಪ ರೋಲ್ಡ್ ಓಟ್ಸಿನ ಗ್ಲೈಸೆಮಿಕ್ ಇಂಡೆಕ್ಸ್ (ತಿಂದದ್ದು ರಕ್ತದ ಶುಗರನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ, ಗ್ಲುಕೋಸ್‌ಗೆ 100) 55ರ ಆಸುಪಾಸು, ಇನ್‌ಸ್ಟಂಟ್‌ದು 75ಕ್ಕಿಂತ ಮೇಲೆ. ಎರಡಕ್ಕೂ ಹೆಸರು ಓಟ್ಸೇ!

ಬೆಳಗಿನ ಹೊತ್ತೂ ನಮ್ಮ ಪರವಾಗಿಲ್ಲ. ನಸುಕಿನಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್, ಜೊತೆಗೆ ಬೆಳವಣಿಗೆಯ ಹಾರ್ಮೋನ್, ಎರಡೂ ಏರುತ್ತವೆ. ಲಿವರ್ ಗ್ಲುಕೋಸ್ ಬಿಡುತ್ತದೆ, ಇನ್ಸುಲಿನ್ ಮಾತು ಅಷ್ಟಾಗಿ ನಡೆಯಲ್ಲ. ಇದೇ ಸ್ಯಾಶೆಯನ್ನು ಒಂದು ಸಂಜೆ ಸುಮ್ನೆ ತಿಂದು ನೋಡಿದೆ, 183ಕ್ಕೆ ನಿಂತಿತು. ಹಾಗಂತ ತಿಂಡಿ ಬಿಡೋಣವೇ? ನಾನು ಬಿಟ್ಟ ದಿನ ಮಧ್ಯಾಹ್ನದ ಊಟದ ನಂತರ ಇನ್ನೂ ಜಾಸ್ತಿ ಏರಿತ್ತು.

ಡಬ್ಬ ತಂದಾಗಿದೆ, ಎಸೆಯಲು ಮನಸ್ಸಿಲ್ಲ. ಮೊದಲು ಎರಡು ಬೇಯಿಸಿದ ಮೊಟ್ಟೆ, ಆಮೇಲೆ ಅರ್ಧ ಸ್ಯಾಶೆ, ಮೇಲೆ ಒಂದಿಷ್ಟು ಬಾದಾಮಿ. ಎರಡು ಗಂಟೆಗೆ 161. ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಏರಿಕೆಯೂ ಮೆತ್ತಗಾಗುತ್ತದೆ. ತಿಂದು ಕಾಲು ಗಂಟೆ ನಡೆದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಆದರೆ ಮೊಟ್ಟೆ ಬೇಯಿಸಲು ಒಲೆ ಹಚ್ಚಿದ ಮೇಲೆ ‘ಇನ್‌ಸ್ಟಂಟ್’ಗೆ ಅರ್ಥ ಏನು ಉಳಿಯಿತು, ಅಲ್ವಾ? ಅದೇ ಒಲೆಯಲ್ಲಿ ಸಾದಾ ದಪ್ಪ ಓಟ್ಸೇ ಬೇಯುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ನನ್ನ ಹಾಗೆ ತಿಂಡಿ ಅರ್ಧ ಮಾಡುವುದಾಗಲಿ, ಬಿಡುವುದಾಗಲಿ ಡಾಕ್ಟರನ್ನು ಕೇಳದೆ ಮಾಡಬೇಡಿ. ಶುಗರ್ ಲೋ ಆಗಬಹುದು.

ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು ಸ್ಟಾರ್, ಎರಡೂ ರುಚಿಗೆ. ಶುಗರ್ ಇಲ್ಲದವರು ಧಾರಾಳವಾಗಿ ತಿನ್ನಿ. ಮಿಕ್ಕಿದ ಸ್ಯಾಶೆಗಳನ್ನು ಮೊಟ್ಟೆ ಜೊತೆ ಅರ್ಧರ್ಧ ಮುಗಿಸುತ್ತೇನೆ, ಮತ್ತೆ ತರಲ್ಲ.