ಫಾರ್ಮ್ ತುಂಬುವ ಕೆಲಸಕ್ಕೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಮನೆಯಲ್ಲೇ ಕೂತು ಫಾರ್ಮ್ ಟೈಪ್ ಮಾಡುವ ಕೆಲಸ ಅಂತ ಹೇಳಿ ಆನ್‌ಲೈನ್ ಅಗ್ರಿಮೆಂಟ್‌ಗೆ ಸಹಿ ಕೇಳಿದ್ದಾರಾ? ದಯವಿಟ್ಟು ಹಾಕಬೇಡಿ. ನಾನು ಹಾಕಿದೆ. ಒಂಬತ್ತು ವರ್ಷದ ಕೆಲಸವೂ ಹೋಯಿತು, 25,300 ರೂಪಾಯಿಯೂ ಹೋಯಿತು.

ದಾವಣಗೆರೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಟ್ಯಾಲಿ, ಬಿಲ್ಲು, ಜಿಎಸ್‌ಟಿ ಎಲ್ಲ ನನ್ನ ಮೇಲೇ. ಸಂಬಳ 13,500. ಹರಿಹರದಿಂದ ದಿನಾ ಬಸ್ಸು. ಮನೆ ಸೇರುವಾಗ ಎಂಟು ಗಂಟೆ, ಮಗಳು ಅಷ್ಟೊತ್ತಿಗೆ ತೂಕಡಿಸುತ್ತಿರುತ್ತಿದ್ದಳು. ಟೈಪಿಂಗ್ ಸೀನಿಯರ್ ಪಾಸ್ ಮಾಡಿದವಳು ನಾನು. ವಾಟ್ಸಾಪ್‌ನಲ್ಲಿ ‘ಡೇಟಾ ಎಂಟ್ರಿ, ಫಾರ್ಮಿಗೆ 20 ರೂಪಾಯಿ’ ಅಂತ ಬಂದಾಗ ನನಗೇ ಹೇಳಿ ಮಾಡಿಸಿದ ಕೆಲಸ ಅನ್ನಿಸಿತು.

ಮೊದಲು 100 ಫಾರ್ಮ್ ಕೊಟ್ಟರು. ರಾತ್ರಿ ಕೂತು ಮುಗಿಸಿದೆ. 2,000 ರೂಪಾಯಿ ಅಕೌಂಟಿಗೆ ಬಂದೇ ಬಂತು. ಮೋಸ ಮಾಡುವವರು ಯಾರಾದರೂ ದುಡ್ಡು ಕೊಡ್ತಾರಾ ಅಂದುಕೊಂಡೆ. ನಾನು ಎಡವಿದ್ದು ಇಲ್ಲೇ. ಮುಂದಿನದು ಏಳು ದಿನಕ್ಕೆ 1,000 ಫಾರ್ಮ್, ಅಂದ್ರೆ 20,000. ತಿಂಗಳಿಗೆ ಎರಡು ಸಲ ಮಾಡಿದರೂ 40,000 ಅಲ್ವಾ? ಆ ವಾರವೇ ಯಜಮಾನರಿಗೆ ಹೇಳಿ ಕೆಲಸ ಬಿಟ್ಟೆ. ಅಗ್ರಿಮೆಂಟ್ ಇಂಗ್ಲಿಷಿನಲ್ಲಿ ಹನ್ನೆರಡು ಪುಟ ಇತ್ತು. ದುಡ್ಡಿನ ಸಾಲು ಓದಿದೆ, ಸಹಿ ಹಾಕಿದೆ. ಆಧಾರ್, ಪಾನ್ ಫೋಟೊನೂ ಕಳಿಸಿದೆ.

ಈ ಸಲದ ಫಾರ್ಮುಗಳೇ ಬೇರೆ. ಅಕ್ಷರ ಮಸುಕು. ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ‘ಎಲ್’ ಅಕ್ಷರವೋ ಗೊತ್ತಾಗುತ್ತಿರಲಿಲ್ಲ. ಒಂದು ಫಾರ್ಮಿಗೆ ಐದು ನಿಮಿಷ ಬೇಕು. ದಿನಕ್ಕೆ ಹನ್ನೆರಡು ಗಂಟೆ ಕೂತೆ. ಕಣ್ಣು ಉರಿಯುತ್ತಿತ್ತು, ಮಗಳು ಪಕ್ಕದಲ್ಲಿ ಕೂತು ಕರೆದರೂ ತಿರುಗಿ ನೋಡಲಿಲ್ಲ. ಅವಳಿಗೋಸ್ಕರವೇ ಕೆಲಸ ಬಿಟ್ಟಿದ್ದು ನಾನು!

ಎಂಟನೇ ದಿನ ರಿಪೋರ್ಟ್ ಬಂತು. 90 ಪರ್ಸೆಂಟ್ ಸರಿ ಇರಬೇಕಿತ್ತಂತೆ, ನನ್ನದು 84 ಅಂತೆ. ಯಾವ ಫಾರ್ಮಿನಲ್ಲಿ ಏನು ತಪ್ಪು ಅಂತ ಕೇಳಿದರೆ ತೋರಿಸಲಿಲ್ಲ. ಕೂಲಿ ಇಲ್ಲ, ಮೇಲಿಂದ 6,800 ನಾನೇ ಕಟ್ಟಬೇಕು, ಅಗ್ರಿಮೆಂಟ್‌ನಲ್ಲಿದೆ ಅಂದರು. ಕಟ್ಟಿದೆ. ಎರಡು ದಿನ ಬಿಟ್ಟು ‘ವಕೀಲರು’ ಫೋನ್ ಮಾಡಿದರು. ತಕ್ಕಡಿ ಚಿತ್ರ, ಕೆಂಪು ಸೀಲು, ಕೆಳಗೆ ನನ್ನದೇ ಸಹಿ ಇರುವ ನೋಟಿಸು ವಾಟ್ಸಾಪ್‌ಗೆ ಬಂತು. ನಾಳೆ ಪೊಲೀಸರು ಮನೆಗೆ ಬರ್ತಾರೆ, ಸೆಟಲ್‌ಮೆಂಟ್‌ಗೆ 18,500 ಕಟ್ಟಿ ಅಂದರು. ಅತ್ತೆಯವರ ಮುಂದೆ, ಬೀದಿಯವರ ಮುಂದೆ ಪೊಲೀಸರು ಬಂದರೆ ಅನ್ನೋ ಹೆದರಿಕೆಗೆ ಅದನ್ನೂ ಕಟ್ಟಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆಮೇಲೆ 42,000 ಕೇಳಿದರು. ಬಳೆ ಅಡ ಇಡೋಣ ಅಂತ ಬೀರು ತೆಗೆದಾಗ ಮನೆಯವರು ನೋಡಿಬಿಟ್ಟರು. ಅವತ್ತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೆಳಿಗ್ಗೆ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. ಅಲ್ಲಿನವರು ನೋಟಿಸು ನೋಡಿ ಕೇಳಿದ್ದು ಒಂದೇ: ‘ಯಾವ ಊರಿನ ಕೋರ್ಟಮ್ಮ ಇದು? ಕೇಸ್ ನಂಬರ್ ಎಲ್ಲಿದೆ?’ ಎರಡೂ ಇರಲಿಲ್ಲ. ನಾನು ಅಷ್ಟು ಸಲ ಓದಿದ್ದೆ, ಹೆದರಿಕೆಯಲ್ಲಿ ಅದು ಕಂಡಿರಲೇ ಇಲ್ಲ.

ನಿಮ್ಮ ಕೈಯಲ್ಲೂ ಇಂಥ ನೋಟಿಸು ಇದ್ದರೆ ಒಂದು ರೂಪಾಯಿ ಕಟ್ಟಬೇಡಿ. ನಿಜವಾದ ಕೇಸಿಗೆ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಇರುತ್ತದೆ, ಇ-ಕೋರ್ಟ್ಸ್ ಸೈಟಿನಲ್ಲಿ ಹಾಕಿ ನೋಡಬಹುದು. ಯಾವ ಕೋರ್ಟೂ ಯಾರದೋ ಯುಪಿಐಗೆ ದುಡ್ಡು ಹಾಕಿ ಅನ್ನುವುದಿಲ್ಲ. ಆಗಲೇ ಕಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಆ ಅಕೌಂಟಿನಿಂದ ಮುಂದಕ್ಕೆ ಹೋಗುವ ಮೊದಲು ತಡೆಯಲು ಆಗಬಹುದು. ನಾನು ಒಂಬತ್ತು ದಿನ ತಡ ಮಾಡಿದೆ, ಅಕೌಂಟು ಖಾಲಿಯಾಗಿತ್ತು. ಆಧಾರ್ ಕಳಿಸಿದ್ದರೆ ಅದರ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ. ನಿಮ್ಮ ಹೆಸರಲ್ಲಿ ಸಾಲ ಎದ್ದಿದೆಯಾ ಅಂತ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ.

ಹಳೇ ಅಂಗಡಿಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಈಗ ಹರಿಹರದಲ್ಲೇ 10,000ಕ್ಕೆ ಒಂದು ಕಡೆ ಸೇರಿದ್ದೇನೆ.

ಮೊನ್ನೆ ಅದೇ ಜಾಹೀರಾತು ಮಗಳ ಶಾಲೆಯ ತಾಯಂದಿರ ಗ್ರೂಪಿಗೆ ಬಂತು. ಹಾಕಿದವರಿಗೆ ಆಗಲೇ ಫೋನ್ ಮಾಡಿದೆ. ಅವರ 100 ಫಾರ್ಮ್ ಮುಗಿದು 2,000 ಬಂದಿತ್ತು. ಅಗ್ರಿಮೆಂಟ್ ಬರುವುದನ್ನೇ ಕಾಯುತ್ತಿದ್ದರು.